ಕುತ್ತಿಗೆಯಿಲ್ಲದ ಫಿರ್ಯಾದಿ

ಹನ್ನೆರಡನೇ ತಾರೀಕು, ಮಂಗಳವಾರ, ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ಆಸ್ಪತ್ರೆಯ ಹಿರಿಯ ಎಕ್ಸ್‌ರೇ ತಂತ್ರಜ್ಞ ಎಡಗೆನ್ನೆಗೆ ಕೈ ಒತ್ತಿಕೊಂಡು ಠಾಣೆಯ ಮೆಟ್ಟಿಲು ಹತ್ತಿದ. ಬೆಳಗ್ಗೆ ಒಂಬತ್ತು ಹತ್ತಕ್ಕೆ ಆಸ್ಪತ್ರೆಯ ಆವರಣದಲ್ಲಿ ಆಂಬುಲೆನ್ಸ್ ಚಾಲಕ ತನ್ನ ಕಪಾಳಕ್ಕೆ ಬಾರಿಸಿದನೆಂದೂ ಕೆನ್ನೆಯ ಮೂಳೆ ಮುರಿದಿದೆಯೆಂದೂ ಆತನ ದೂರು. ಜೊತೆಗೆ ಎಕ್ಸ್‌ರೇ ಫಿಲ್ಮು ಮತ್ತು ವೈದ್ಯರ ಗಾಯದ ಪ್ರಮಾಣಪತ್ರ ಇದ್ದವು.

ಬರೀ ಕಪಾಳಮೋಕ್ಷವಾಗಿದ್ದರೆ ಇಬ್ಬರನ್ನೂ ಕೂರಿಸಿ ಬುದ್ಧಿ ಹೇಳಿ ಕಳಿಸಬಹುದಿತ್ತು. ಮೂಳೆ ಮುರಿದರೆ ಅದು ಕಾನೂನಿನ ಪ್ರಕಾರ ತೀವ್ರ ಗಾಯ. ಎಫ್‌ಐಆರ್ ದಾಖಲಾಯಿತು. ಐದೂವರೆಗೆ ಚಾಲಕನನ್ನು ಬಂಧಿಸಿ ಕರೆತಂದರು.

"ಹೊಡೆದ್ಯಾ?" ಇನ್ಸ್‌ಪೆಕ್ಟರ್ ಮೇಡಂ ಕೇಳಿದರು.

"ಹೊಡೆದೆ ಮೇಡಂ. ಒಂದೇ ಏಟು."

"ಯಾಕೆ?"

"ಅವರ ತಂಗಿ ನನ್ನ ಗಾಡೀಲಿ ಕೂತಿದ್ಲು. ಕೈ ಹಿಡಿದು ದರದರ ಎಳೀತಿದ್ರು. ಶುಕ್ರವಾರ ನಾವಿಬ್ಬರೂ ರಿಜಿಸ್ಟರ್ ಮದುವೆ ಆಗ್ಬೇಕು."

ಮೇಡಂ ಕ್ಯಾಲೆಂಡರ್ ನೋಡಿದರು. ಆಸ್ಪತ್ರೆಯ ಸಿಬ್ಬಂದಿಗೆ ತೀವ್ರ ಗಾಯ ಮಾಡಿದ ಆರೋಪದಲ್ಲಿ ಶುಕ್ರವಾರದೊಳಗೆ ಅವನು ಹೊರಗೆ ಬರುವ ಮಾತೇ ಇರಲಿಲ್ಲ. ಕೆಲಸವೂ ಹೋಗುತ್ತಿತ್ತು, ಮದುವೆಯೂ.

ಠಾಣೆಯ ಹೆಡ್ ಕಾನ್‌ಸ್ಟೇಬಲ್ ಹಿಂದೆ ಕುಸ್ತಿ, ಬಾಕ್ಸಿಂಗ್ ಅಂತ ಓಡಾಡಿದವರು. ಹೊಟ್ಟೆ ಬಂದ ಮೇಲೂ ಎಲ್ಲರ ಬಾಯಲ್ಲಿ ಬಾಕ್ಸರ್ ಆಗಿಯೇ ಉಳಿದಿದ್ದರು. ಕಡತ ಮುಚ್ಚುವಾಗ ಅವರು ಗಂಟಲು ಸರಿಪಡಿಸಿಕೊಂಡರು.

"ಮೇಡಂ, ಹೇಳಿಕೆ ಓದುವಾಗ ಫಿರ್ಯಾದಿ ಆಕಳಿಸಿದ."

"ನಾನೂ ಆಕಳಿಸಿದೆ. ನಿಮ್ಮ ಓದು ಹಾಗಿತ್ತು."

"ಹಾಗಲ್ಲ. ಇಪ್ಪತ್ತೆರಡನೇ ವಯಸ್ಸಲ್ಲಿ ನಂಗೂ ಅದೇ ಮೂಳೆ ಮುರಿದಿತ್ತು. ಮೂರು ವಾರ ಬಾಯೊಳಗೆ ಚಮಚ ಹೋಗ್ತಿರಲಿಲ್ಲ. ಹಾಲು ಹೀರ್ಕೊಂಡು ಬದುಕಿದೆ. ಈತ ಬಾಯಿ ತೆರೆದಾಗ ಕಿರುನಾಲಿಗೆ ಕಾಣ್ತಿತ್ತು."

ಮೇಡಂ ಕಡತವನ್ನು ಮತ್ತೆ ತೆರೆದರು.

ಹದಿಮೂರನೇ ತಾರೀಕು ಬೆಳಗ್ಗೆ ಒಂಬತ್ತಕ್ಕೆ ಆಸ್ಪತ್ರೆಯಲ್ಲಿ ಪ್ರಮಾಣಪತ್ರ ಬರೆದ ವೈದ್ಯರ ವಿಚಾರಣೆ ನಡೆಯಿತು. ಮುಖ ಊದಿತ್ತು, ಫಿಲ್ಮಲ್ಲಿ ಮುರಿತ ಇತ್ತು, ಹೊರಗೆ ಐವತ್ತು ಜನ ಕಾಯುತ್ತಿದ್ದರು, ಬರೆದುಕೊಟ್ಟೆ ಎಂದರು.

"ಫಿಲ್ಮ್ ತೆಗೆದವರು ಯಾರು?"

ವೈದ್ಯರು ತಡವರಿಸಿದರು. "ಅದು ಅವರದೇ ಕೋಣೆ. ಕೇಳಲಿಲ್ಲ."

ಎಕ್ಸ್‌ರೇ ರಿಜಿಸ್ಟರ್‌ನಲ್ಲಿ ರೋಗಿಯ ಹೆಸರೂ ಆತನದೇ, ತೆಗೆದವನ ಸಹಿಯೂ ಆತನದೇ. ಯಂತ್ರ ಚಾಲೂ ಮಾಡುವ ಗುಂಡಿ ಇರುವುದು ಪಕ್ಕದ ಕೋಣೆಯಲ್ಲಿ. ತನ್ನ ತಲೆಯ ಎಕ್ಸ್‌ರೇ ತಾನೇ ತೆಗೆಯುವುದೆಂದರೆ ತನ್ನ ಬೆನ್ನನ್ನು ತಾನೇ ನೋಡಿಕೊಂಡಷ್ಟು ಸುಲಭ. ಬಾಕ್ಸರ್ ರಿಜಿಸ್ಟರನ್ನು ಜಪ್ತಿ ಮಾಡಿದರು.

ಅವರು ಠಾಣೆಗೆ ಮರಳಿದಾಗ ತಂತ್ರಜ್ಞನ ತಂಗಿ ಬೆಂಚಿನ ಮೇಲೆ ಕಾಯುತ್ತಿದ್ದಳು. ಅದೇ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ರೇಡಿಯಾಗ್ರಫಿ ಓದುವವಳು, ಮೊದಲ ವರ್ಷ. ಕಣ್ಣು ಕೆಂಪಗಾಗಿತ್ತು.

"ಅಣ್ಣನ ಮೂಳೆ ಮುರಿಯೋ ಹಾಗೆ ಅವರು ಹೊಡೆಯೋರಲ್ಲ ಮೇಡಂ."

"ಇದನ್ನ ನೋಡು," ಎಂದು ಮೇಡಂ ಫಿಲ್ಮ್ ಕೊಟ್ಟರು.

ಹುಡುಗಿ ಅದನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ನೋಡಿದವಳ ಮುಖದಿಂದ ಅಳು ಮಾಯವಾಯಿತು.

"ಇದು ಅಣ್ಣ ಅಲ್ಲ."

"ಹೇಗೆ ಹೇಳ್ತೀಯ?"

"ಗದ್ದ ಮೇಲೆತ್ತಿಸಿ ಕೆಳಗಿಂದ ತೆಗೆದ ಚಿತ್ರ ಇದು. ಕೆನ್ನೆಯ ಎರಡು ಕಮಾನು ಹೂಜಿಯ ಹಿಡಿ ಥರ ಆಚೆ ಈಚೆ ಕಾಣ್ತವೆ. ಎಡಗಡೆ ಹಿಡಿ ಮೂರು ಕಡೆ ಮುರಿದಿದೆ, ನಿಜ. ಆದ್ರೆ ನಡುವೆ ಈ ದೊಡ್ಡ ತೂತು ನೋಡಿ, ಫೊರಾಮೆನ್ ಮ್ಯಾಗ್ನಮ್. ಬೆನ್ನುಹುರಿ ಇಳಿಯೋ ಜಾಗ. ಜೀವಂತ ಮನುಷ್ಯನಾದ್ರೆ ಕುತ್ತಿಗೆಯ ಎರಡನೇ ಮೂಳೆಯ ಮೊಳೆಯಂಥ ತುದಿ ಅದರೊಳಗೆ ಕಾಣಲೇಬೇಕು. ಇಲ್ಲಿ ಖಾಲಿ. ಈ ಮನುಷ್ಯನಿಗೆ ಕುತ್ತಿಗೇನೇ ಇಲ್ಲ."

ಬಾಕ್ಸರ್ ತಮ್ಮ ಕುತ್ತಿಗೆ ಮುಟ್ಟಿ ನೋಡಿಕೊಂಡರು.

"ಅಂದ್ರೆ ಏಟು ತಿನ್ನೋಕೆ ಮೊದಲೇ ಸತ್ತಿದ್ದ," ಎಂದರು ಮೇಡಂ. "ಯಾರದಿದು?"

"ನಮ್ಮ ತಾತನದು." ಕ್ಲಾಸಿನ ತಲೆಬುರುಡೆಯನ್ನು ವಿದ್ಯಾರ್ಥಿಗಳು ಕರೆಯುತ್ತಿದ್ದುದೇ ಹಾಗೆ. "ಸೇರಿದ ವಾರವೇ ನನ್ನ ಕೈಯಿಂದ ಬಿತ್ತು. ಎಡ ಹಿಡಿ ಮೂರು ಕಡೆ ಮುರೀತು. ತಾನೇ ಬೀಳಿಸಿದೆ ಅಂತ ಅಣ್ಣ ಬರೆದುಕೊಟ್ಟು ನನ್ನ ಉಳಿಸಿದ." ಅಷ್ಟು ಹೇಳುವಾಗ, ತಾನು ಈಗ ಮಾಡುತ್ತಿರುವುದೇನು ಎಂದು ಅವಳಿಗೆ ಹೊಳೆಯಿತು. ಆದರೂ ಹೇಳಿಕೆಗೆ ಸಹಿ ಹಾಕಿದಳು.

ಹದಿನಾಲ್ಕನೇ ತಾರೀಕು ಬೆಳಗ್ಗೆ ಹನ್ನೊಂದಕ್ಕೆ ಪಾಠದ ಕೋಣೆಯಲ್ಲಿ ಪಂಚನಾಮೆ. ಅಧ್ಯಾಪಕರು ಬೀರು ತೆರೆದು ತಾತನನ್ನು ಮೇಜಿನ ಮೇಲಿಟ್ಟರು. ಎಡಗೆನ್ನೆಯ ಕಮಾನು ಮೂರು ಕಡೆ ಮುರಿದಿತ್ತು. ಮೂಗಿನ ಗೂಡಿನೊಳಗೆ ಹಸಿರು ನೂಲಿನ ಎಳೆಗಳು ಸಿಕ್ಕಿಕೊಂಡಿದ್ದವು.

"ಬರೀ ಮೂಳೆಯ ಚಿತ್ರ ತೆಗೆದಿದ್ದರೆ ಸುತ್ತ ಕಪ್ಪಾಗಿ ಸಿಕ್ಕಿಬೀಳ್ತಿದ್ದ," ಎಂದರು ಅಧ್ಯಾಪಕರು. "ಒದ್ದೆ ಟವೆಲ್ ಸುತ್ತಿ ಚಿತ್ರದಲ್ಲಿ ಮಾಂಸ ತರಿಸಿದ್ದಾನೆ. ಕುತ್ತಿಗೆ ತರಿಸೋದು ಮರೆತಿದ್ದಾನೆ."

ಎಕ್ಸ್‌ರೇ ಕೋಣೆಯ ಹಸಿರು ಟವೆಲ್ ಪಂಚರ ಎದುರು ಜಪ್ತಿಯಾಯಿತು. ಅದನ್ನು ತಾತನಿಗೆ ಸುತ್ತಿ ಮತ್ತೆ ತೆಗೆದ ಚಿತ್ರ ಠಾಣೆಯ ಫಿಲ್ಮಿನ ಮೇಲೆ ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂತಿತು. ಕೊನೆಗೆ ವೈದ್ಯರ ಲಿಖಿತ ಸೂಚನೆಯಂತೆ ಫಿರ್ಯಾದಿಯನ್ನೇ ಮಲಗಿಸಿ ಚಿತ್ರ ತೆಗೆದರು. ಎರಡು ಹಿಡಿಯೂ ಗಟ್ಟಿ. ತೂತಿನ ನಡುವೆ ಕುತ್ತಿಗೆಯ ಮೊಳೆ ಠೀವಿಯಿಂದ ನಿಂತಿತ್ತು. ಬಾಕ್ಸರ್ ಎರಡೂ ಫಿಲ್ಮುಗಳನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ತಾವೇ ಗೆದ್ದವರಂತೆ ಎದೆಯುಬ್ಬಿಸಿ ನಿಂತರು. ಅವರ ಖುಷಿಯಲ್ಲಿ ತಪ್ಪೇನಿರಲಿಲ್ಲ. ಆಕಳಿಕೆ ಹಿಡಿದದ್ದು ಅವರೇ.

ಅದೇ ದಿನ ಸಂಜೆ ನಾಲ್ಕಕ್ಕೆ ಸುಳ್ಳು ಸಾಕ್ಷ್ಯ ಸೃಷ್ಟಿಸಿದ ಆರೋಪದ ಮೇಲೆ ತಂತ್ರಜ್ಞನ ಬಂಧನವಾಯಿತು. ತೀವ್ರ ಗಾಯದ ಆರೋಪ ಬಿದ್ದುಹೋಗಿ, ಹಿಂದಿನ ದಿನ ನ್ಯಾಯಾಲಯ ಠಾಣೆಯ ವಶಕ್ಕೆ ಕೊಟ್ಟಿದ್ದ ಚಾಲಕ ಐದೂಮುಕ್ಕಾಲಿಗೆ ಜಾಮೀನಿನ ಮೇಲೆ ಹೊರಬಂದ.

"ಇನ್ನೊಂದ್ಸಲ ಯಾರ ಮೇಲಾದ್ರೂ ಕೈ ಎತ್ತಿದ್ರೆ ನಾನೇ ನಿನ್ನ ಕೆನ್ನೆ ಚಿತ್ರ ತೆಗೆಸ್ತೀನಿ," ಎಂದು ಮೇಡಂ ಗದರಿಸಿ ಕಳಿಸಿದರು.

ಶುಕ್ರವಾರ ಬೆಳಗ್ಗೆ ಹತ್ತೂವರೆಗೆ ನೋಂದಣಿ ಕಚೇರಿಯಲ್ಲಿ ಮದುವೆ ಆಯಿತು. ಸಾಕ್ಷಿಗೆ ಒಬ್ಬರು ಕಡಿಮೆ ಬಿದ್ದಾಗ ಬಾಕ್ಸರ್ ಸಮವಸ್ತ್ರದಲ್ಲೇ ಸಹಿ ಹಾಕಿದರು. ಅಷ್ಟು ದೊಡ್ಡ ಸಹಿ ಅವರು ಯಾವ ಪಂಚನಾಮೆಗೂ ಹಾಕಿರಲಿಲ್ಲ.

ಮಧ್ಯಾಹ್ನ ಎರಡಕ್ಕೆ, ನ್ಯಾಯಾಲಯಕ್ಕೆ ಹೊರಡುವ ಮುಂಚೆ, ಮೇಡಂ ತಂತ್ರಜ್ಞನ ಎದುರು ಕೂತರು.

"ಯಾಕೆ ಮಾಡಿದ್ರಿ?"

"ಅವಳಿಗೆ ಐದು ವರ್ಷ ಇದ್ದಾಗ ಅಪ್ಪ ಅಮ್ಮ ಇಬ್ಬರೂ ಹೋದ್ರು. ಜಡೆ ಹಾಕೋದು ಕಲಿತೆ. ಜ್ವರ ಬಂದ್ರೆ ಮಡಿಲಲ್ಲಿ ಮಲಗಿಸ್ಕೊಂಡೆ. ನನ್ನ ಮದುವೆ ವಿಚಾರ ಮನಸ್ಸಿಗೇ ಬರಲಿಲ್ಲ. ಹೋಗ್ಬೇಡ ಅಂತ ಬಾಯಿಬಿಟ್ಟು ಹೇಳೋಕಾಗಲಿಲ್ಲ ಮೇಡಂ." ಆಮೇಲೆ ಕೇಳಿದ. "ಕಂಡುಹಿಡಿದದ್ದು ಮೇಷ್ಟ್ರಾ?"

"ಅಲ್ಲ. ನಿಮ್ಮ ತಂಗಿ."

ಅವನು ತಲೆ ತಗ್ಗಿಸಿದ.

"ಎಷ್ಟು ಹೊತ್ತು ತಗೊಂಡ್ಲು?"

"ಒಂದು ನಿಮಿಷಾನೂ ಇಲ್ಲ."

"ಹಿಡಿ ನೋಡಿದ ಮೇಲೆ ತೂತನ್ನೂ ನೋಡಿದ್ಲು ಅನ್ನಿ."

"ಹೂಂ."

"ಮುರಿತ ಸಿಕ್ತು ಅಂತ ನೋಡೋದು ನಿಲ್ಲಿಸ್ಬೇಡ ಅಂತ ನಾನೇ ಹೇಳ್ಕೊಟ್ಟಿದ್ದೆ." ಮೂರು ದಿನದಲ್ಲಿ ಮೊದಲ ಬಾರಿಗೆ ಅವನು ಕೆನ್ನೆಯಿಂದ ಕೈ ತೆಗೆದು ನಕ್ಕ. "ಹಾಗಾದ್ರೆ ಪಾಸಾಗ್ತಾಳೆ."

ಎರಡೂಮುಕ್ಕಾಲಿಗೆ ಜೀಪು ನ್ಯಾಯಾಲಯ ತಲುಪಿತು. ಬಾಗಿಲಲ್ಲಿ ಮದುಮಗಳು ಅಣ್ಣನ ಊಟದ ಡಬ್ಬಿ ಹಿಡಿದು ನಿಂತಿದ್ದಳು.