ಎರಡು ಸಲ ತಟ್ಟಿದರೆ ಹೊರಡಬಹುದು

ಕ್ಯಾರವಾನ್ ಓಡಿಸುವವಳಿಗೆ ಅವನ ಮೇಲೆ ಮೊದಲು ಬಂದದ್ದು ಪ್ರೀತಿಯಲ್ಲ, ಸಿಟ್ಟು. ಅವಳು ಗುಡಿಸಿ ಒರೆಸಿ ಇಟ್ಟಿದ್ದ ಗಾಡಿಗೆ ಮೊದಲ ದಿನವೇ ಮರಳು ಮೆತ್ತಿದ ಕಾಲಲ್ಲಿ ಹತ್ತಿ, ಸಿಂಕಿನ ತುಂಬ ಕಡಲತೀರದ ಕಸ ಸುರಿದಿದ್ದ.

"ಏನ್ರೀ ಇದು?"

"ಗಾಜು. ಒಡೆದ ಬಾಟಲಿ ಚೂರುಗಳು. ಸಮುದ್ರ ಉಜ್ಜಿ ಉಜ್ಜಿ ಹೀಗೆ ಮಾಡಿದೆ. ಮುಟ್ಟಿ ನೋಡಿ, ಚುಚ್ಚಲ್ಲ."

"ಅದು ಪಾತ್ರೆ ತೊಳೆಯೋ ಜಾಗ."

"ಅದಕ್ಕೇ ತೊಳೀತಿದೀನಿ."

ಅವನದು ಕನ್ನಡಕದ ಅಂಗಡಿ. ವರ್ಷವಿಡೀ ಜನರ ಕಣ್ಣಿಗೆ ಗಾಜು ಹೊಂದಿಸಿ ಸಾಲದೆ, ರಜೆಯಲ್ಲೂ ಗಾಜೇ ಹುಡುಕಿಕೊಂಡು ಬಂದ ಆಸಾಮಿ. ಅವಳು ಬೇಕೆಂದೇ 'ಡಾಕ್ಟ್ರೇ' ಅನ್ನುತ್ತಿದ್ದಳು. "ನಾನು ಡಾಕ್ಟರಲ್ಲ ಕಣ್ರೀ" ಎಂದು ಹೇಳಿ ಹೇಳಿ ಸುಸ್ತಾದ ಅವನು ಸೇಡಿಗೆಂದು ಅವಳನ್ನು 'ಕ್ಯಾಪ್ಟನ್' ಅನ್ನತೊಡಗಿದ.

ಜೊತೆಗಿದ್ದವರು ಅವನ ಸೋದರತ್ತೆ, ರಿಟೈರಾದ ಹೆಡ್ಮಿಸ್ಟ್ರೆಸ್. ಕಿವಿಗೆ ಮಷೀನು, ಕೈಗೆ ಕೋಲು, ಬಾಯಿಗೆ ಬಿಡುವಿಲ್ಲ. ಕರಾವಳಿಯ ಲೈಟ್‌ಹೌಸುಗಳನ್ನೆಲ್ಲ ನೋಡಬೇಕು, ಆದರೆ ಲಾಡ್ಜಿನ ಹಾಸಿಗೆ ತಮಗೆ ಆಗದು ಎಂದು ಹಾಸಿಗೆ, ಅಡುಗೆಮನೆ ಎಲ್ಲ ಒಳಗೇ ಇರುವ ಈ ಗಾಡಿ ಬುಕ್ ಮಾಡಿದ್ದೇ ಅವರು.

ಗಾಡಿಗೊಂದು ನಿಯಮವಿತ್ತು. ಡ್ರೈವರ್ ಸೀಟಿನ ಹಿಂದೆ ಒಂದು ಹಲಗೆ, ಪಕ್ಕದಲ್ಲಿ ದಪ್ಪ ಪರದೆ. ಹೊರಡುವ ಮುನ್ನ ಅವಳು ಹಲಗೆಗೆ ಎರಡು ಸಲ ತಟ್ಟುತ್ತಿದ್ದಳು. ಕಪಾಟು ಮುಚ್ಚಿದೆ, ಎಲ್ಲರೂ ಹತ್ತಿದ್ದಾರೆ ಎಂದಾದರೆ ಒಳಗಿನವರೂ ಎರಡು ಸಲ ತಟ್ಟಬೇಕು. ತಟ್ಟುತ್ತಿದ್ದದ್ದು ಅವನೇ. ತಟ್ಟಿ, ಪರದೆ ಸರಿಸಿ, ಮುಂದೆ ಬಂದು ಅವಳ ಪಕ್ಕ ಕೂರುತ್ತಿದ್ದ.

ಬೆಳಿಗ್ಗೆ ಕಡಲು ಇಳಿದಾಗ ಇಬ್ಬರೂ ದಡದುದ್ದ ನಡೆಯುತ್ತಿದ್ದರು. ಅವನು ಸಿಕ್ಕ ಚೂರನ್ನು ಬೆಳಕಿಗೆ ಹಿಡಿದು, "ಹೇಳಿ ಕ್ಯಾಪ್ಟನ್, ಇದು ಔಷಧಿ ಬಾಟಲೋ, ಸೋಡಾ ಬಾಟಲೋ?" ಅನ್ನುತ್ತಿದ್ದ. ಅವಳು ಗಾಜು ನೋಡುವ ನೆಪದಲ್ಲಿ ಅದರ ಹಿಂದಿನ ಕಣ್ಣು ನೋಡುತ್ತಿದ್ದಳು. ಊರವರ ಕಣ್ಣು ಪರೀಕ್ಷೆ ಮಾಡುವವನಿಗೆ ತನ್ನ ಮುಂದಿದ್ದ ಕಣ್ಣು ಓದಲು ಬರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ, ಇನ್ನೇನು!

ಹೀಗೇ ನಡೆದಿದ್ದರೆ ಚೆನ್ನಾಗಿತ್ತು. ಆದರೆ ಕೊನೆಯ ದಿನದ ಹಿಂದಿನ ಸಂಜೆ, ದಡದಲ್ಲಿ ಚಹಾ ಕುಡಿಯುವಾಗ ಅತ್ತೆ ಬಾಂಬು ಹಾಕಿದರು.

"ನಾಳೆ ಮಧ್ಯಾಹ್ನ ನನ್ನ ಗೆಳತಿ ಮನೇಲಿ ಊಟ. ಅವಳ ಮಗಳನ್ನ ನೋಡು. ಹುಡುಗಿ ಬಂಗಾರ. ನೀನು ಹೂಂ ಅಂದ್ರೆ ಮುಗೀತು."

ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಕಪ್ಪಿನೊಳಗೆ ಏನೋ ಬಿದ್ದಿದೆಯೆಂಬಂತೆ ನೋಡುತ್ತ ಕೂತ.

ಅವಳು ಪಾತ್ರೆ ಎತ್ತುತ್ತ, "ಬಂಗಾರ ಸಿಗೋವಾಗ ಗಾಜು ಯಾಕೆ ಡಾಕ್ಟ್ರೇ? ಸಿಂಕ್ ಖಾಲಿ ಮಾಡಿಬಿಡಿ" ಅಂದಳು. ನಗಿಸಲೆಂದು ಹೊರಟ ಮಾತು, ದಾರಿಯಲ್ಲಿ ಖಾರವಾಯಿತು. ಅವನ ಮುಖ ಸಪ್ಪಗಾಯಿತು.

"ನಾನು ಇವತ್ತು ಹಿಂದೆ ಕೂತ್ಕೋತೀನಿ ಬಿಡಿ" ಎಂದು ಗೊಣಗುತ್ತ ಗಾಡಿಯ ಹಿಂಬದಿಗೆ ಹೋದ. ಸ್ವಲ್ಪ ಹೊತ್ತಿಗೆ ಬಾಗಿಲು ಮುಚ್ಚಿದ ಸದ್ದಾಯಿತು. ಅವಳು ಹಲಗೆಗೆ ತಟ್ಟಿದಳು. ಒಳಗಿಂದ ಎರಡು ಸಲ, ಎಂದಿಗಿಂತ ಜೋರಾಗಿ ಉತ್ತರ ಬಂತು. ಸಿಟ್ಟು ಇಳಿದಿಲ್ಲ ಸಾಹೇಬರಿಗೆ ಅಂದುಕೊಂಡು ಹೊರಟಳು.

ಪಕ್ಕದ ಸೀಟು ಖಾಲಿ. ಒಂದು ಸೇತುವೆ ದಾಟಿತು, ಒಂದು ಬಂದರು ದಾಟಿತು. ಬಾಯಿಮುಚ್ಚಿಕೊಂಡು ಗಾಡಿ ಓಡಿಸುವುದು ಅವಳಿಂದಾಗಲಿಲ್ಲ.

"ಡಾಕ್ಟ್ರೇ" ಅಂದಳು ಪರದೆಗೆ. "ನಿಮ್ಮತ್ತೆ ಮಷೀನ್ ತೆಗೆದಿಟ್ಟು ಮಲಗಿರ್ತಾರೆ, ಅದಕ್ಕೇ ಧೈರ್ಯ ಮಾಡ್ತಿದೀನಿ. ನಾನು ಮುಗಿಸೋವರೆಗೂ ಬಾಯಿ ಬಿಡಬೇಡಿ. ಬಿಟ್ರೆ ನಂಗೆ ಮಾತು ನಿಂತುಹೋಗುತ್ತೆ."

ಪರದೆ ಸುಮ್ಮನಿತ್ತು.

"ಈ ಗಾಡೀಲಿ ಎಷ್ಟೋ ಜನ ಬಂದು ಹೋಗಿದಾರೆ. ಥ್ಯಾಂಕ್ಸ್ ಹೇಳಿ ಇಳೀತಾರೆ, ನಾನು ಮರಳು ಗುಡಿಸ್ತೀನಿ, ಮರೀತೀನಿ. ಈ ಸಲ ಗುಡಿಸೋಕೆ ಕೈ ಬರಲ್ಲ ಅನ್ಸುತ್ತೆ. ನಿಮ್ಮ ಹಾಳು ಗಾಜು ಸಿಂಕಲ್ಲೇ ಇರ್ಲಿ. ನೀವೂ ಇರಿ. ನಂಗೆ ನೀವು ಇಷ್ಟ ಕಣ್ರೀ, ತುಂಬಾ ಇಷ್ಟ. ನಾಳೆ ಆ ಬಂಗಾರದ ಮನೆ ಮುಂದೆ ನಾನೇ ಗಾಡಿ ನಿಲ್ಲಿಸಿ, ನಾನೇ ಬಾಗಿಲು ತೆಗೀಬೇಕಲ್ಲ, ಅದಕ್ಕೆ ಮುಂಚೆ ಹೇಳಿಬಿಟ್ಟೆ. ಈಗ ಮಾತಾಡಿ."

ಒಳಗೆ ಚಮಚವೊಂದು ಕಿಣಿಗುಟ್ಟಿತು, ಅಷ್ಟೇ.

"ಮಾತಾಡ್ರೀ!"

ಪರದೆ ಸರಿಯಿತು. ಅತ್ತೆಯ ಮುಖ, ಕಿವಿಯಲ್ಲಿ ಮಷೀನು.

"ನಾನೂ ಅದನ್ನೇ ಕಾಯ್ತಿದೀನಮ್ಮ. ಇವನ ಉತ್ತರ ಕೇಳಿಸ್ತಿಲ್ವಲ್ಲ ಅಂತ ಮಷೀನ್ ಸೌಂಡ್ ಪೂರ್ತಿ ಏರಿಸ್ಕೊಂಡೆ." ಖಾಲಿ ಸೀಟು ಕಂಡಿತು. "ಅವನೆಲ್ಲಿ?"

"ಹಿಂದೆ, ನಿಮ್ಮ ಜೊತೆ..."

"ನನ್ನ ಜೊತೆ ಯಾಕಿರ್ತಾನೆ? ಎಂದಿನ ಹಾಗೆ ಮುಂದೆ ಬಂದು ನಿನ್ನ ಜೊತೆ ಕೂತಿದಾನೆ ಅಂತ ತಾನೇ ನಾನು ಕೋಲಲ್ಲಿ ತಟ್ಟಿದ್ದು!"

ಅವಳು ಬ್ರೇಕ್ ಹಾಕಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೋದ ಮಾತು ಯಾರ ಕಿವಿ ಸೇರಬಾರದಿತ್ತೋ ಆ ಕಿವಿಯನ್ನೇ, ಅದೂ ಪೂರ್ತಿ ಸೌಂಡಿನಲ್ಲಿ, ಸೇರಿತ್ತು. ಭೂಮಿ ಬಾಯಿಬಿಟ್ಟರೆ ಗಾಡಿ ಸಮೇತ ಇಳಿದುಬಿಡುತ್ತಿದ್ದಳು.

"ಮೇಡಂ, ನಾನು..."

"ಮೊದಲು ಗಾಡಿ ತಿರುಗಿಸು. ಹುಡುಗನ ಚಪ್ಪಲಿ, ಫೋನು ಎರಡೂ ಇಲ್ಲೇ ಬಿದ್ದಿವೆ."

ಬಂದರು ಮತ್ತೆ ಹಿಂದಾಯಿತು. ಸೇತುವೆ ಬಂದಾಗ ಅತ್ತೆಯೇ ಹೇಳಿದರು, "ಎಷ್ಟು ಫೋಟೋ ತೋರಿಸಿದೀನಿ ಅವನಿಗೆ. ಒಂದನ್ನೂ ಕನ್ನಡಕ ಹಾಕ್ಕೊಂಡು ನೋಡ್ಲಿಲ್ಲ ಪುಣ್ಯಾತ್ಮ. ಈ ವಾರ ಮಾತ್ರ ನಿನ್ನ ಪಕ್ಕ ಕೂತು ಕನ್ನಡಕ ಒರೆಸಿದ್ದೇ ಒರೆಸಿದ್ದು. ನನಗೆ ಕಿವಿ ಮಂದ, ಕಣ್ಣಲ್ಲ. ನಾಳೆ ಊಟದ ಮಾತೆತ್ತಿದರಾದರೂ ಬಾಯಿಬಿಡ್ತಾನಾ ಅಂತ ನೋಡಿದೆ. ಬಿಡಲಿಲ್ಲ, ದಡ್ಡ."

ಚಹಾ ಕುಡಿದ ದಡದಲ್ಲೇ ಅವನು, ಬೋರಲು ಹಾಕಿದ ದೋಣಿಗೆ ಒರಗಿ ಬರಿಗಾಲಲ್ಲಿ ನಿಂತಿದ್ದ. ಅತ್ತೆ ಗಾಡಿಯಲ್ಲೇ ಉಳಿದು ಕಿಟಕಿ ಮುಚ್ಚಿಕೊಂಡರು. ಅವಳು ಚಪ್ಪಲಿ ಹಿಡಿದು ಇಳಿದಳು.

"ಮರೆತು ಹೋದ್ರೋ, ಬೇಕಂತ ಬಿಟ್ಟು ಹೋದ್ರೋ?" ಅವನು ಕೇಳಿದ.

"ಒಳಗಿದೀರ ಅಂದ್ಕೊಂಡೆ."

"ದಡದಲ್ಲಿ ಸ್ವಲ್ಪ ನಡೆದಾಡಿ ಬರ್ತೀನಿ ಅಂತ ಅತ್ತೆಗೆ ಹೇಳಿದ್ನಲ್ಲ."

"ಅವರ ಬೆನ್ನಿಗೆ ಹೇಳಿದ್ರೆ ಕೇಳಿಸುತ್ತಾ? ನಾನೂ ಪರದೆ ಮುಂದೆ ಏನೇನೋ ಬಡಬಡಿಸಿದೆ, ನೀವಿದೀರ ಅಂತ."

"ಏನಂತ?"

"ಒಂದ್ಸಲ ಹೇಳಿ ಮಾನ ಕಳ್ಕೊಂಡಾಗಿದೆ. ಈಗ ನಿಮ್ಮ ಸರದಿ."

ಅವನು ಜೇಬಿನಿಂದ ಒಂದು ಗಾಜಿನ ಚೂರು ತೆಗೆದ. ಕಡುನೀಲಿ. ಇಷ್ಟು ದಿನದಲ್ಲಿ ಅವಳು ಅಂಥ ಬಣ್ಣ ನೋಡಿರಲಿಲ್ಲ.

"ಮೊದಲ ದಿನವೇ ಸಿಕ್ಕಿತ್ತು. ತೋರಿಸಿದ್ರೆ ಕೊಡಬೇಕಾಗುತ್ತೆ, ಕೊಟ್ರೆ ಯಾಕೆ ಅಂತ ಹೇಳಬೇಕಾಗುತ್ತೆ, ಅದಕ್ಕೇ ಬಚ್ಚಿಟ್ಟೆ. ಈಗ ಈ ದೋಣಿ ಮುಂದೆ ನಿಂತು ಹೇಳೋದು ಪ್ರಾಕ್ಟೀಸ್ ಮಾಡ್ತಿದ್ದೆ, ಅಷ್ಟರಲ್ಲಿ ಗಾಡೀನೇ ಹೊರಟುಹೋಯ್ತು. ಜೀವವೇ ಹೋದ ಹಾಗಾಯ್ತು ಕ್ಯಾಪ್ಟನ್. ನೀವಿಲ್ಲದೆ ನನಗೆ ಆಗಲ್ಲ. ನನ್ನ ಕೈ ಹಿಡೀತೀರಾ?"

ಪರದೆಯ ಮುಂದೆ ಅಷ್ಟು ಮಾತಾಡಿದ್ದವಳಿಗೆ ಈಗ ಒಂದಕ್ಷರ ಹೊರಡಲಿಲ್ಲ. ಕಣ್ಣು ತುಂಬಿತು. ಅವನಿಗೆ ಅರ್ಥವಾಯಿತು. ಬಗ್ಗಿ ದೋಣಿಯ ಹಲಗೆಗೆ ಎರಡು ಸಲ ತಟ್ಟಿ, ಕಾದ.

ಅವಳು ಕೈ ಎತ್ತುವಷ್ಟರಲ್ಲಿ ಗಾಡಿಯೊಳಗಿಂದ ಕೋಲಿನ ಸದ್ದು ಬಂತು, ಟಕ್ ಟಕ್.

"ನಿಮ್ಮನ್ನಲ್ಲ ಅತ್ತೆ ಕೇಳಿದ್ದು!" ಎಂದು ಅವನು ಕೂಗಿದ.

ಅವಳು ಅಳುತ್ತಲೇ ನಕ್ಕಳು. ನೀಲಿ ಗಾಜನ್ನು ಎಡಗೈಯಲ್ಲಿ ಬಿಗಿಹಿಡಿದು, ಬಲಗೈಯಿಂದ ಅವನ ಎದೆಗೆ ಎರಡು ಸಲ ತಟ್ಟಿದಳು. ತಟ್ಟಿದ ಕೈಯನ್ನು ಅವನು ವಾಪಸ್ಸು ಬಿಡಲಿಲ್ಲ.

ಕಿಟಕಿ ತೆರೆಯಿತು. "ಆಯ್ತಾ? ಬನ್ನಿ ಹಾಗಾದ್ರೆ. ನಾಳೆ ಊಟಕ್ಕೆ ಮೂರು ಜನ ಅಂತ ಫೋನ್ ಮಾಡ್ಬೇಕು."

"ಇನ್ನೂ ಅಲ್ಲಿಗೆ ಹೋಗ್ಬೇಕಾ ಅತ್ತೆ?"

"ಹೋಗದೆ? ಆ ಹುಡುಗಿ ಬೇರೆ ಯಾರನ್ನೋ ಒಪ್ಪಿ ತಿಂಗಳಾಯ್ತು. ಅಡುಗೆ ಮಾತ್ರ ಬಂಗಾರ ಕಣೋ, ಬಿಡೋಕಾಗುತ್ತಾ!"