ಕನಕಾಂಬರದ ಗುರುತು

"ರೀ, ಆಸ್ಪತ್ರೆ ಗೋಡೆ ಮೇಲೆ ಟೊಮೇಟೊ ಬರೀತಿದ್ದೀರಲ್ಲ, ಇದೇನು ಮಾರ್ಕೆಟ್ಟಾ?"

ಸರಳಾ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಏಣಿ ಮೇಲಿದ್ದ ಸುಬ್ರಮಣಿ ತಿರುಗಿ ನಕ್ಕ. ಮೂಗಿನ ತುದಿಗೆಲ್ಲ ಕೆಂಪು ಬಣ್ಣ!

"ಸ್ಕ್ಯಾನಿಂಗಿಗೆ ಟೊಮೇಟೊ, ಹೆರಿಗೆ ವಾರ್ಡಿಗೆ ಮಾವಿನಹಣ್ಣು ಮೇಡಂ. ನಮ್ಮ ಗೌನಿಪಲ್ಲಿ ಕಡೆ ಅಜ್ಜಿಗಳಿಗೆ ಬೋರ್ಡು ಓದಕ್ಕೆ ಬರಲ್ಲ. ಟೊಮೇಟೊ ಗೊತ್ತಾಗಲ್ವಾ?"

ಅವಳಿಗೂ ನಗು ಬಂತು. ಕೋಲಾರದ ಆ ದೊಡ್ಡ ಆಸ್ಪತ್ರೆಯಲ್ಲಿ ಬಂದವರಿಗೆ ದಾರಿ ತೋರಿಸೋದೇ ಅವಳ ಕೆಲಸ. ಮಾಲೂರಲ್ಲಿ ಅವಳ ಮತ್ತು ಅಮ್ಮನ ಸಂಸಾರ ನಡೀತಿದ್ದದ್ದೂ ಆ ಸಂಬಳದಲ್ಲೇ.

ದಿನಾ ಒಟ್ಟಿಗೆ ಟೀ ಕುಡಿಯೋದು ರೂಢಿಯಾಯ್ತು. "ದಿನಾ ಕನಕಾಂಬರಾನೇ ಮುಡೀತೀರಲ್ಲ?" ಅಂತ ಅವನು ಕೇಳಿದ ದಿನ ಅವಳು ಟೀಗೆ ಸಕ್ಕರೆ ಹಾಕೋದನ್ನೇ ಮರೆತಳು. ಮನಸ್ಸು ಜಾರಿತ್ತು ಬಿಡಿ!

ಆಮೇಲೊಂದು ದಿನ ಆಯಾ ಶಾಮಲಮ್ಮ ಅಂದುಬಿಟ್ಟಳು, "ಇನ್ಮೇಲೆ ಗೋಡೆಗಳೇ ದಾರಿ ಹೇಳ್ತವೆ. ನಿನ್ನನ್ನ ಯಾಕೆ ಇಟ್ಕೋತಾರೆ ಕಣೇ?"

ಸರಳಾ ಕೈಲಿದ್ದ ಟೀ ಲೋಟ ಕೆಳಗಿಟ್ಟಳು. 'ನನ್ನ ಅನ್ನ ಕಿತ್ಕೊಳ್ಳೋನ ಜೊತೆನೇ ಟೀ ಕುಡಿದೆನಲ್ಲಾ...'

ಅವತ್ತಿಂದ ಮಾತು ಬಂದ್. ಅವನು ಎದುರಾದರೆ ಮುಖ ತಿರುಗಿಸಿ ಹೋಗುತ್ತಿದ್ದಳು. ಮನೆಗೆ ಹೋಗಿ ಅಳುತ್ತಿದ್ದಳು. ಅಳು ಕೆಲಸಕ್ಕೋ ಅವನಿಗೋ ಅವಳಿಗೇ ತಿಳಿಯದು.

ಬಣ್ಣದ ಕೆಲಸ ಮುಗಿದ ದಿನ ರಾಯಲ್ಪಾಡಿನ ದೊಡ್ಡಮುನಿಯಮ್ಮ ಅನ್ನೋ ಅಜ್ಜಿ ನಡುಗುತ್ತಾ ಅವಳ ಮೇಜಿನ ಮುಂದೆ ಬಂದು ನಿಂತರು.

"ದಾರಿ ತಪ್ಪಿದ್ದೆ ತಲ್ಲೀ. ಗೋಡೆ ಮೇಲಿನ ಹೂವು ನೋಡ್ಕೊಂಡು ಬಂದೆ. ನನ್ನ ಮೊಮ್ಮಗಳ ಹೆರಿಗೆ ಎಲ್ಲಿ?"

ಹೂವಾ? ಅಜ್ಜಿಯ ಕೈ ಹಿಡಿದು ಹೆರಿಗೆ ವಾರ್ಡಿಗೆ ಬಿಡುವಾಗ ಸರಳಾ ಗೋಡೆಗಳನ್ನ ನೋಡಿದಳು. ಪ್ರತಿ ತಿರುವಿನಲ್ಲೂ ಪುಟ್ಟ ಕನಕಾಂಬರ! ಪಕ್ಕದ ಬಾಣವೆಲ್ಲ ಅವಳ ಮೇಜಿನ ಕಡೆಗೇ!

ಅವಳು ಗೇಟಿಗೆ ಓಡಿದಳು. ಸುಬ್ರಮಣಿ ಬ್ರಷ್ಷುಗಳನ್ನ ಚೀಲಕ್ಕೆ ತುಂಬುತ್ತಿದ್ದ.

"ಕನಕಾಂಬರ... ಯಾವ ವಾರ್ಡಿನ ಗುರುತು ಅದು?"

"ದಿಕ್ಕು ತೋಚದೋರಿಗೆ. ಟೊಮೇಟೊ ದಾರಿ ಹೇಳುತ್ತೆ ಸರಳಾ, ಹೆದರಿದೋರ ಕೈ ಹಿಡ್ಕೊಳ್ಳುತ್ತಾ? ನಿಮ್ಮ ಭಯ ಶಾಮಲಮ್ಮನಿಂದ ಗೊತ್ತಾಯ್ತು. ದೊಡ್ಡ ಡಾಕ್ಟ್ರಿಗೂ ಅದನ್ನೇ ಹೇಳ್ದೆ, ಒಪ್ಪಿದ್ರು. ನಿಮ್ಮ ಕೆಲಸ ಎಲ್ಲೂ ಹೋಗಲ್ಲ."

"ಮೊದಲೇ ಹೇಳಬಾರದಿತ್ತಾ?" ಕಣ್ಣು ತುಂಬಿತ್ತು.

"ಮುಖ ಕೊಟ್ರೆ ತಾನೇ ಹೇಳೋದು!"

ಅವನು ಚೀಲ ಹೆಗಲಿಗೇರಿಸಿದ.

"ನನಗೂ ದಾರಿ ತಪ್ಪಿದೆ... ಬಸ್ ಸ್ಟ್ಯಾಂಡ್ ಎಲ್ಲಿ?"

"ಸುಳ್ಳ!" ಅವಳು ಬಣ್ಣ ಮೆತ್ತಿದ ಆ ಕೈ ಹಿಡಿದಳು. "ಬನ್ನಿ, ತೋರಿಸ್ತೀನಿ."

"ಬಸ್ ಸ್ಟ್ಯಾಂಡ್ ತನಕ ಅಷ್ಟೇನಾ?"

"ಗೌನಿಪಲ್ಲಿ ತನಕಾನೂ ಬರ್ತೀನಿ... ಮೊದಲು ಮಾಲೂರಿಗೆ ಬಂದು ನಮ್ಮಮ್ಮನ್ನ ಕೇಳಿ!"