ಸಾಹೇಬರು ಏಳುವುದು ಯಾರಿಗೆ?

ನನ್ನ ಮುಖ ಕಾರಿನ ಬಾನೆಟ್ಟಿಗೆ ಅಂಟಿತ್ತು.

ಇಂಜಿನ್ ಇನ್ನೂ ಬಿಸಿ. ಬೆನ್ನ ಮೇಲೆ ಗೂಳಿಯ ಮಂಡಿ. ಗೂಳಿ ಎಂದರೆ ಪ್ರಾಣಿಯಲ್ಲ ಸ್ವಾಮಿ, ಡ್ರೈವರ್. ಪ್ರಾಣಿಯಾಗಿದ್ದರೆ ಕರುಣೆಯಾದರೂ ಇರುತ್ತಿತ್ತು!

"ಕೈ ಮುರೀಲಾ ಸಾರ್?"

"ತಡಿಯೋ. ಮೊದ್ಲು ಮಾತಾಡ್ತೀನಿ."

ಹಿಂದಿನ ಸೀಟಿನಿಂದ ಬಂದ ದನಿ ಅತ್ತರಿನದು. ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಪೆಟ್ರೋಲಿನ ನಾತವನ್ನೂ ಮೀರಿ ಅವನ ಮೈಯ ಘಮಲು ಮೂಗಿಗೆ ಬಡಿಯುತ್ತಿತ್ತು. ಆ ಹೆಸರು ಬಂದದ್ದೇ ಹಾಗೆ. ಬ್ಯಾಂಕುಗಳ ಪರವಾಗಿ ಸರ್ಕಾರದ ಕಿವಿ ಕಚ್ಚುವುದು ಅವನ ಕಸುಬು. ಲಾಬಿ! ಅವನು ಯಾವ ಸಭೆಗೂ ಕಾಲಿಡುವುದಿಲ್ಲ. ಕೆಳಗೆ ಕಾರಿನಲ್ಲಿ ಕೂತಿರುತ್ತಾನೆ. ಮೇಲೆ ಅವನ ಮಾತು ನಡೆಯುತ್ತದೆ.

ಅವನ ಕಾರಿನ ಫೋಟೊ ತೆಗೆಯಲು ಹೋಗಿ ನಾನು ಸಿಕ್ಕಿಬಿದ್ದಿದ್ದೆ. ಇಂಥ ಕೊಳಕು ಕೆಲಸಗಳೇ ನನ್ನ ಅನ್ನ.

ಆದರೆ ಆ ದಿನದ ಕೆಲಸ ನನ್ನ ಅಕ್ಕನದು.

ಮೇಲಿನ ಹಾಲಿನಲ್ಲಿ ಸಮಿತಿಯ ವಿಚಾರಣೆ. ಸಾಕ್ಷಿ ಹೇಳುತ್ತಿದ್ದವರು ಸಾಹೇಬರು. ಮೊನ್ನೆಯವರೆಗೆ ದೊಡ್ಡ ಬ್ಯಾಂಕೊಂದರ ಮುಖ್ಯಸ್ಥರು. ಈಗ ಅದೇ ಬ್ಯಾಂಕಿಗೆ ಮೂಗುದಾರ ಹಾಕಬೇಕಾದ ಸರ್ಕಾರಿ ಇಲಾಖೆಯ ಮುಖ್ಯಸ್ಥರು. ಬೇಲಿಗೇ ಹೊಲ ಬರೆದುಕೊಟ್ಟ ಹಾಗೆ! 'ಅವರನ್ನು ಆ ಕುರ್ಚಿಗೆ ತಂದವನೇ ಅತ್ತರು' ಎಂದು ದೂರು ಕೊಟ್ಟವಳು ಅಕ್ಕ, ಬ್ಯಾಂಕ್ ತಪಾಸಣೆಯ ಅಧಿಕಾರಿ. ಅವನ ಮುಖವನ್ನೇ ಕಂಡಿಲ್ಲ ಎಂದರು ಸಾಹೇಬರು. ಸಮಿತಿ ಅದನ್ನು ನಂಬಿದರೆ ಸುಳ್ಳು ದೂರಿನ ಕೇಸು.

ಅಕ್ಕ ಜೈಲಿಗೆ.

"ಅಕ್ಕನಿಗೆ ಫೋನ್ ಮಾಡು," ಅಂದ ಅತ್ತರು. "ದೂರು ವಾಪಸ್ ತಗೋ ಅನ್ನು. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ನನ್ನ ಫೋನನ್ನ ನಿಮ್ಮ ಗೂಳಿ ತುಳಿದು ಚಟ್ನಿ ಮಾಡಿದ್ದಾನಲ್ಲ ಸಾರ್..."

ಅತ್ತರು ಇಳಿದು ಬಂದು ತನ್ನ ಫೋನನ್ನೇ ಕೊಟ್ಟ. "ಸ್ಪೀಕರ್ ಹಾಕು."

"ಅಕ್ಕಾ..."

"ಎಲ್ಲಿ ಹಾಳಾಗಿ ಹೋಗಿದ್ದೀಯೋ?"

"ಕೆಳಗೆ. ಅತ್ತರಿನ ಹತ್ರ. ದೂರು ವಾಪಸ್ ತಗೋಬೇಕಂತೆ."

ಅಕ್ಕ ಪಿಸುದನಿಯಲ್ಲೇ ಸಿಡಿದಳು.

"ತಪಾಸಣೆಗೆ ಹೋದಾಗ ಕಣ್ಣಾರೆ ಕಂಡಿದ್ದೀನಿ ಕಣೋ. ಹೆತ್ತಪ್ಪ ಬಂದ್ರೂ ಕುರ್ಚಿ ಬಿಟ್ಟು ಏಳದ ಸಾಹೇಬ್ರು, ಆ ಮನುಷ್ಯ ಬಾಗಿಲಲ್ಲಿ ಕಂಡ್ರೆ ಸ್ಪ್ರಿಂಗ್ ಥರ ಎದ್ದು ನಿಲ್ತಿದ್ರು! ಎದ್ದು ನಿಂತಿದ್ದಕ್ಕೆ ಸಾಕ್ಷಿ ಎಲ್ಲಿಂದ ತರ್ಲಿ?"

ನನ್ನ ತಲೆಯಲ್ಲಿ ಏನೋ ಮಿಂಚಿತು.

"ಸಾಕ್ಷಿ ನಾನು ತರ್ತೀನಿ ಅಕ್ಕ."

ಫೋನಿಗೆಂದು ಗೂಳಿ ಮಂಡಿ ಸಡಿಲಿಸಿದ್ದ. ಹಿಮ್ಮಡಿಯಿಂದ ಅವನ ಮೊಣಕಾಲಿಗೆ ಒದ್ದೆ. ಕುಸಿದ! ಫೋನ್ ಸಮೇತ ಮೆಟ್ಟಿಲ ಕಡೆ ಓಡಿದೆ!

ಅದರೊಳಗೆ ಏನಿತ್ತೋ ದೇವರೇ ಬಲ್ಲ. ನನಗೆ ಬೇಕಾದದ್ದು ಫೋನಲ್ಲ... ಅದರ ಹಿಂದೆ ಓಡಿ ಬರುವವನು.

"ನಾನು ಹಿಡೀತೀನಿ ಸಾರ್!" ಗೂಳಿ ಕುಂಟುತ್ತ ಎದ್ದ.

"ಬೇಡ! ನೀನು ಅದನ್ನ ಮುಟ್ಟಬೇಡ!"

ತಾನು ಕಳ್ಳ, ಪರರ ನಂಬ. ಅತ್ತರು ತಾನೇ ಓಡಿ ಬಂದ.

ಮೆಟ್ಟಿಲು. ತಿರುವು. ಮತ್ತೆ ಮೆಟ್ಟಿಲು. ಹಿಂದೆ ಅವನ ಬೂಟಿನ ಸದ್ದು, ಏದುಸಿರು, ಬೈಗುಳ. ಒಮ್ಮೆ ನನ್ನ ಅಂಗಿಯ ಚುಂಗು ಸಿಕ್ಕಿತು ಅವನಿಗೆ. ಚುಂಗು ಅವನಿಗೇ ಬಿಟ್ಟೆ.

ಹಾಲಿನ ಬಾಗಿಲಲ್ಲಿ ಕಾವಲುಗಾರ ನನಗೆ ಕೈ ಅಡ್ಡ ಹಿಡಿದ. ನನ್ನ ಹಿಂದಿದ್ದವನನ್ನು ಕಂಡ. ಅಡ್ಡ ಹಿಡಿದ ಕೈ ಸಲಾಮಿಗೆ ಏರಿತು!

ಆ ಕಂಕುಳಡಿ ನುಸುಳಿದೆ.

ಒಳಗೆ ಅಧ್ಯಕ್ಷೆಯ ದನಿ. "ಕೊನೇ ಸಲ ಕೇಳ್ತೀನಿ. ಆತನ ಪರಿಚಯ ಇಲ್ವಾ?"

"ದೇವರಾಣೆಗೂ ಇಲ್ಲ ಮೇಡಂ. ಎದುರಿಗೆ ಬಂದ್ರೂ ಗುರುತು ಸಿಗಲ್ಲ."

ಬಾಗಿಲು ಧಡಾರೆಂದಿತು. ಅತ್ತರು ಒಳಗೆ ಬಂದು ನಿಂತ.

ಸಾಹೇಬರು ಎದ್ದರು.

ಯೋಚಿಸಿ ಎದ್ದದ್ದಲ್ಲ. ಒಂದು ಕೈ ತಾನಾಗಿ ಕೋಟಿನ ಗುಂಡಿ ಹಾಕಿತು. ಇನ್ನೊಂದು ತನ್ನ ಕುರ್ಚಿಯನ್ನೇ ಮುಂದಕ್ಕೆ ಎಳೆಯಿತು. ಬೆನ್ನು ಬಾಗಿತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಚಾಕರಿ ಕಲಿಸಿದ ಗುಣ ಅದಕ್ಕಿಂತ ಗಟ್ಟಿ ಸ್ವಾಮಿ.

"ಬನ್ನಿ ಸಾರ್, ಕೂತ್ಕೊಳ್ಳಿ..."

ಅತ್ತರಿನ ಮುಖ ಸುಣ್ಣವಾಯಿತು.

"ಏ ಪೆದ್ದ, ಕೂತ್ಕೊಳ್ಳೋ!"

ಸಾಹೇಬರು ತಟ್ಟನೆ ಕೂತರು.

ಎದ್ದದ್ದಕ್ಕಿಂತ ಕೂತದ್ದೇ ದೊಡ್ಡ ಸಾಕ್ಷಿಯಾಯಿತು. ಕ್ಯಾಮೆರಾಗಳ ಕೆಂಪು ದೀಪಗಳು ಉರಿಯುತ್ತಿದ್ದವು. ಅಧ್ಯಕ್ಷೆ ಕನ್ನಡಕ ತೆಗೆದಿಟ್ಟರು.

"ಪರಿಚಯ ಇಲ್ದೇ ಇಷ್ಟು ಮರ್ಯಾದೆ! ಇದ್ದಿದ್ರೆ?"

ಮೂಲೆಯಲ್ಲಿ ಕೂತಿದ್ದ ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅವಳು ಜೈಲಿಗೆ ಹೋಗಲಿಲ್ಲ. ಕೆಲಸಕ್ಕೂ ಹೋಗಲಿಲ್ಲ, ತಪಾಸಣೆಯ ಕೆಲಸದಿಂದ ಕಿತ್ತುಹಾಕಿದರು. ಗೂಳಿ ಬಾಕಿ ಉಳಿಸಿಕೊಳ್ಳುವವನಲ್ಲ. ನನ್ನ ಬಲಗೈ ಈಗ ತುತ್ತು ಎತ್ತುವುದಿಲ್ಲ. ಅಕ್ಕನೇ ಕಲಸಿ ಕೊಡುತ್ತಾಳೆ, ಬೈಯುತ್ತ.

ಸಾಹೇಬರ ಜಾಗಕ್ಕೆ ಹೊಸಬರು ಬಂದರು. ಅದೇ ಬ್ಯಾಂಕಿನವರು. ಅವರ ಮೊದಲ ಸಭೆಗೆ ಹೋಗಿ ಹಿಂದೆ ನಿಂತಿದ್ದೆ. ಅತ್ತರು ಈ ಸಲ ಕೆಳಗೆ ಕಾಯಲಿಲ್ಲ. ರಾಜಾರೋಷವಾಗಿ ಬಂದು ಮುಂದಿನ ಸಾಲಿನಲ್ಲಿ ಕೂತ. ಹೊಸ ಸಾಹೇಬರು ಕದಲಲಿಲ್ಲ. ರೆಪ್ಪೆಯೂ ಮಿಟುಕಿಸಲಿಲ್ಲ.

ಬ್ಯಾಂಕು ಪಾಠ ಕಲಿತಿದೆ ಸ್ವಾಮಿ... ಈ ಸಲ ಕೂರುವುದನ್ನು ಕಲಿಸಿಯೇ ಕಳಿಸಿದೆ!